ಅರವತ್ತು ಉಂಗುರದ ಮನೆ

ಥೊಯಣ್ಣನ ಸಂಕಟ ಶುರುವಾದದ್ದು ಲುವಕ್ಕನ ಕಾಫಿ ಅಂಗಡಿಯ ರೇಡಿಯೋದಿಂದ. ಚಿನ್ನದ ಬೆಲೆ ಮತ್ತೆ ಏರಿದೆ ಎಂದು ಅದು ಕೂಗಿದ್ದೇ ತಡ, ಸೈಗಾನಿನ ಆ ಇಕ್ಕಟ್ಟು ಓಣಿಯ ಜನರೆಲ್ಲ ಅವನತ್ತ ತಿರುಗಿದರು. ಅವನ ಅಕ್ಕಿ ಡಬ್ಬದಲ್ಲಿ ಅರವತ್ತು ಚಿನ್ನದುಂಗುರ ಇರುವುದು ಓಣಿಗೆಲ್ಲ ಗೊತ್ತಿದ್ದ ಗುಟ್ಟು.

ವರ್ಷಕ್ಕೆರಡರಂತೆ ಮೂವತ್ತು ವರ್ಷ! ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುತ್ತ, ಮುಪ್ಪಿಗಿರಲಿ ಎಂದು ಕೂಡಿಟ್ಟದ್ದು. ನೋಟುಗಳು ರಾತ್ರೋರಾತ್ರಿ ರದ್ದಿ ಕಾಗದವಾದದ್ದನ್ನು ಕಂಡವನಿಗೆ ಬ್ಯಾಂಕಿನ ಮಾತೆತ್ತಿದರೆ ಮೈ ಉರಿಯುತ್ತಿತ್ತು. ಕಿಟಕಿಯೇ ಇಲ್ಲದ ಕೋಣೆಯಲ್ಲಿ ಸಂಸಾರ ಮಾಡಿದ ಹೆಂಡತಿ ನ್ಯಾನಳಿಗೆ ಒಂದೇ ಹಂಬಲ: ಕಿಟಕಿ ತೆರೆದರೆ ಸಮುದ್ರ ಕಾಣಬೇಕು. ವುಂಗ್ ತೌ ಊರಿನಲ್ಲಿ ಸೌ ಅಜ್ಜಿಯ ಮನೆ ಅಂಥದ್ದು. ಬೆಲೆ ಅರವತ್ತು ಉಂಗುರವೆಂದು ಕಳೆದ ಹೊಸವರ್ಷದ ಹಬ್ಬದಲ್ಲೇ ಮಾತಾಗಿತ್ತು. ಇವತ್ತು ಕೊಟ್ಟುಬರುವ ದಿನ.

"ಅರವತ್ತೂ ಯಾಕಣ್ಣಾ ಕೊಡ್ತೀಯ?" ಎಂದಳು ಲುವಕ್ಕ. "ಹಬ್ಬದ ದಿನ ಅರವತ್ತಕ್ಕಿದ್ದ ಬೆಲೆಗೆ ಇವತ್ತು ನಲವತ್ತೇ ಸಾಕು. ಎಲ್ಲಾ ಮಾರು, ಅಜ್ಜಿ ಕೈಗೆ ನೋಟಿಡು. ಉಳಿದದ್ದರಲ್ಲಿ ರಾಜನ ಹಾಗಿರು!"

ಅದೂ ಸರಿಯೇ ಅನ್ನಿಸಿತು, ಪಾಪ. ಎಲ್ಲ ಮಾರಿ, ನೋಟಿನ ಚೀಲ ತಬ್ಬಿಕೊಂಡು ಬಸ್ಸು ಹತ್ತಿ, ಮಧ್ಯಾಹ್ನಕ್ಕೆ ಅಜ್ಜಿಯ ಜಗುಲಿ ಮುಟ್ಟಿದ.

ಅಜ್ಜಿ ಚೀಲವನ್ನು ಮುಟ್ಟಲೂ ಇಲ್ಲ. "ನಾನು ಕಾಗದ ಕೇಳಿದ್ನಾ? ಉಂಗುರ ಅಂದಿದ್ದೆ. ಮುದುಕಿ ಅಂತ ಟೋಪಿ ಹಾಕೋಕೆ ಬಂದ್ಯಾ?"

"ಅಜ್ಜೀ, ಇದೂ ದುಡ್ಡೇ ಅಲ್ವಾ?"

"ಹಂಗಾದ್ರೆ ಮೂವತ್ತು ವರ್ಷ ಇದನ್ನೇ ಯಾಕಪ್ಪಾ ಕೂಡಿಡ್ಲಿಲ್ಲ? ನಾಳೆ ಬೆಳಿಗ್ಗೆವರೆಗೂ ಕಾಯ್ತೀನಿ. ಆಮೇಲೆ ಬೇರೆಯವರು ಬರ್ತಾರೆ."

ಅಜ್ಜಿಯ ಬೆನ್ನ ಹಿಂದೆ ಕಿಟಕಿ ತೆರೆದಿತ್ತು. ಅದರ ತುಂಬ ಸಮುದ್ರ. ಥೊಯಣ್ಣನಿಗೆ ಅಳು ಬಂದುಬಿಟ್ಟಿತು.

ಉಂಗುರ ಮತ್ತೆ ಕೊಳ್ಳಬೇಕೆಂದು ಅಲ್ಲಿಂದಲೇ ಹೆಂಡತಿಗೆ ಫೋನು ಮಾಡಿದ. ಚಿನ್ನದಂಗಡಿಯಲ್ಲಿ ನೂಕುನುಗ್ಗಲು, ತಲೆಗೊಂದೇ ಉಂಗುರವಂತೆ! ನ್ಯಾನ್ ಓಣಿಯನ್ನೇ ಎಬ್ಬಿಸಿದಳು. ಥೊಯಣ್ಣ ಏದುಸಿರು ಬಿಡುತ್ತ ವಾಪಸು ಬರುವಷ್ಟರಲ್ಲಿ ಲುವಕ್ಕ ದಂಡನಾಯಕಿಯಂತೆ ಸಾಲು ನಿಲ್ಲಿಸಿದ್ದಳು. "ಅಣ್ಣನ ಮನೆ ವಿಷಯ! ಒಬ್ಬರೂ ಜಾಗ ಬಿಡಬೇಡಿ!"

ಬೆಲೆ ಇನ್ನೂ ಏರಿದ್ದರಿಂದ ದುಡ್ಡು ಐವತ್ತೈದು ಉಂಗುರಕ್ಕಷ್ಟೇ ಸಾಲುತ್ತಿತ್ತು. "ಉಳಿದ ಐದಕ್ಕೆ ನನ್ನ ಸರ ಇದೆಯಲ್ರೀ" ಎಂದಳು ನ್ಯಾನ್. ಥೊಯಣ್ಣ ಒಬ್ಬೊಬ್ಬರ ಕೈಗೂ ದುಡ್ಡಿಟ್ಟ. ಜೇಬುಗಳ್ಳರ ಭಯಕ್ಕೆ ಎಲ್ಲರೂ ಉಂಗುರವನ್ನು ಬೆರಳಿಗೇ ಹಾಕಿಕೊಂಡು ಹೊರಬಂದರು.

ಸಂಜೆ ಅವನು ಓಣಿಯಲ್ಲಿ ಟವೆಲ್ ಹಾಸಿ ಕೂತ. "ನಿಮ್ಮ ಋಣ ಮರೆಯಲ್ಲ ಕಣ್ರಪ್ಪಾ. ಹಾಕಿ, ಹಾಕಿ."

ಯಾರೂ ಹಾಕಲಿಲ್ಲ. ಲುವಕ್ಕ ತನ್ನ ಬೆರಳನ್ನು ದೀಪಕ್ಕೆ ಹಿಡಿದು ತಿರುತಿರುಗಿಸಿ ನೋಡಿದಳು.

"ಥೊಯಣ್ಣಾ, ಬೇಜಾರು ಮಾಡ್ಕೋಬೇಡ. ಹಾಕ್ಕೊಂಡ ಮೇಲೆ ತೆಗೆಯೋಕೆ ಮನಸ್ಸೇ ಬರ್ತಿಲ್ಲ. ನಾಳೆ ಇನ್ನೂ ಏರತ್ತಂತೆ. ನಮಗೂ ವಯಸ್ಸಾಗತ್ತಲ್ವಾ?"

ಅಷ್ಟು ಹೇಳಿ ಮನೆಗೆ ಹೋಗಿ, ಅವನು ಕೊಟ್ಟಷ್ಟೇ ದುಡ್ಡು ತಂದು ಟವೆಲ್ ಮೇಲಿಟ್ಟಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ತಂದಿಟ್ಟರು. ಯಾರೂ ಒಂದು ನೋಟೂ ಕಮ್ಮಿ ಮಾಡಲಿಲ್ಲ. ಮೋಸವಾಯಿತೆಂದು ಬೈಯೋಣವೆಂದರೆ ಅದಕ್ಕೂ ದಾರಿಯಿಲ್ಲ.

ಕೋಣೆಗೆ ಬಂದು ಇಬ್ಬರೂ ಚೀಲದ ಎದುರು ಕೂತರು. ನ್ಯಾನ್ ಕೇಳಿದಳು.

"ರೀ, ಆ ಕಿಟಕಿ ಎಷ್ಟು ದೊಡ್ಡದಿತ್ತು?"

"ಇಷ್ಟು" ಎಂದು ತೋರಿಸಲು ಥೊಯಣ್ಣ ಎರಡೂ ಕೈ ಚಾಚಿದ. ಅರ್ಧ ಚಾಚುವಷ್ಟರಲ್ಲೇ ಎರಡೂ ಕಡೆ ಗೋಡೆ ತಗುಲಿತು.