ತಾಮ್ರದ ತಂಬಿಗೆಯಲ್ಲಿ ಬಂದ ಬಾವಿ

ನಾನು ಎಂ.ಎಸ್ಸಿ. ಮುಗಿಸುವುದು ಸಾಧ್ಯವೇ ಇಲ್ಲ ಎಂದು ಎಲ್ಲರಿಗಿಂತ ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ನನಗೆ ಬೇಸರವೇನೂ ಆಗಲಿಲ್ಲ. ಖಾನಾಪುರದ ಬಸ್ಸು ಎದುರಿಗೇ ಬಂದು ನಿಂತರೂ "ಇದು ಹೋಗಂಗಿಲ್ಲ ಬಿಡು" ಎನ್ನುವ ಮನುಷ್ಯ ಅವರು! ತಮ್ಮ ಮದುವೆಯ ಹಂದರದಲ್ಲೇ ಕೂತು "ಇದು ಆಗಂಗಿಲ್ಲ" ಎಂದಿದ್ದರಂತೆ. "ಅವತ್ತೊಂದಿನರ ಇವರ ಮಾತು ಖರೇ ಆಗಬೇಕಿತ್ತು ನೋಡು" ಎಂದು ದೊಡ್ಡಮ್ಮ ಈಗಲೂ ನಿಟ್ಟುಸಿರು ಬಿಡುತ್ತಾಳೆ.

ಆದರೆ ಆ 'ಆಗಂಗಿಲ್ಲ'ಕ್ಕೊಂದು ಬಾಲವಿತ್ತು. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಹತ್ತನೆಯ ತರಗತಿ ದಾಟಿದವರಿರಲಿಲ್ಲ. ಬೆಳಗಾವಿಯ ಕಾಲೇಜಿಗೆ ಹೋಗುತ್ತೇನೆ ಎಂದಾಗ "ಆಗಂಗಿಲ್ಲ" ಎಂದರು. ಮೊದಲ ದಿನ ನಾನು ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ, ಕಿಟಕಿ ಬಾಜುವಿನ ಸೀಟಿಗೆ ತಮ್ಮ ಟವೆಲ್ ಹಾಕಿ ಜಾಗ ಹಿಡಿದು ಕಾಯುತ್ತಿದ್ದರು! ಇಂಥವರಿಗೆ ಏನೆನ್ನಬೇಕು?

ನನ್ನ ಪ್ರಾಜೆಕ್ಟು ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಟಿನಮ್ ಕಣಗಳದ್ದು. ನಮ್ಮ ಮೈಯೊಳಗೆ ಕಿಣ್ವಗಳು ಮಾಡುವಂಥ ಕೆಲಸವನ್ನು ಇವೂ ಮಾಡುತ್ತವೆ. ಬಣ್ಣವಿಲ್ಲದ ದ್ರಾವಣವನ್ನು ನೀಲಿ ಮಾಡುತ್ತವೆ. ನಾನು ಅವುಗಳಿಗೆ ಒಂದು ಅಮೈನೋ ಆಮ್ಲದ ಬೀಗ ಜಡಿದಿದ್ದೆ. ನೀರಿನಲ್ಲಿ ತಾಮ್ರದ ಅಯಾನುಗಳಿದ್ದರೆ ಬೀಗ ಕಳಚಿ ನೀಲಿ ಬರಬೇಕು. ಇಲ್ಲದಿದ್ದರೆ ಬಣ್ಣ ಬರಬಾರದು. ದೊಡ್ಡಪ್ಪ ಪೂರ್ತಿ ಕೇಳಿದರು.

"ಲೋಹನs ದುಡ್ಯಾಕ ಹತ್ತಿದ್ರ ಮನಶ್ಯಾ ಯಾಕ ಬೇಕು? ಆಗಂಗಿಲ್ಲ."

ಕೊನೆಗೆ ನಮ್ಮ ಗೈಡ್ ಮೇಡಂ, ನಿಜವಾದ ಬಾವಿಯ ನೀರಿನಲ್ಲಿ ಸರಿಬಂದರೆ ಮಾತ್ರ ಪ್ರಾಜೆಕ್ಟಿಗೆ ಸಹಿ ಎಂದರು. ದೊಡ್ಡಪ್ಪನಿಗೆ ತೊಳೆದ ಬಾಟಲಿ ಕೊಟ್ಟು ನಮ್ಮೂರ ಬಾವಿಯ ನೀರು ತರಲು ಹೇಳಿದೆ. ಕಾಲೇಜಿನ ಗೇಟಿನಲ್ಲಿ ಅದನ್ನು ನನ್ನ ಕೈಗಿಟ್ಟು ಹೋದರು. ಪರೀಕ್ಷಿಸಿದೆ. ಶಾಯಿಯಂಥ ನೀಲಿ!

"ಬಾವಿಯಲ್ಲಿ ಇಷ್ಟು ತಾಮ್ರ ಇರಲಾರದು. ನಿನ್ನ ವಿಧಾನವೇ ತಪ್ಪಿರಬೇಕು" ಎಂದರು ಮೇಡಂ.

ವಿಧಾನ ಸರಿಯಿದ್ದರೆ ಊರಿನ ನೀರು ಕೆಟ್ಟಿದೆ. ನೀರು ಸರಿಯಿದ್ದರೆ ನನ್ನ ಡಿಗ್ರಿ ಕೆಟ್ಟಿತು. ಎರಡರಲ್ಲಿ ಯಾವುದಾಗಲಿ ಎಂದು ದೇವರನ್ನು ಕೇಳುವುದು? ಫೋನು ಹಚ್ಚಿದೆ.

"ದೊಡ್ಡಪ್ಪಾ, ಸದ್ಯಕ್ಕ ಆ ಬಾವಿ ನೀರು ಕುಡೀಬ್ಯಾಡ್ರಿ."

"ನಮ್ಮ ಬಾವಿಗೆ ಕೆಟ್ಟ ಹೆಸರು ತರ್ತೀಯೇನ?"

"ನೀರು ಸೀದಾ ಬಾಟ್ಲಿಗೆ ತುಂಬಿದ್ರಿ ಹೌದಲ್ರಿ?"

ದೊಡ್ಡಪ್ಪ ದನಿ ತಗ್ಗಿಸಿದರು. "ನಮ್ಮ ಬಾವಿ ಮೊದಲನೇ ಸಲ ಕಾಲೇಜಿಗೆ ಹೊಂಟಿತ್ತವಾ. ಪ್ಲಾಸ್ಟಿಕ್ಕಿನಾಗ ಹೆಂಗ ಕಳಸೂದು? ತಾಮ್ರದ ತಂಬಿಗಿಗೆ ಹುಣಸಿಹಣ್ಣು ಹಚ್ಚಿ ತಿಕ್ಕಿ, ಹಿಂದಿನ ದಿನನs ತುಂಬಿಟ್ಟಿದ್ದೆ. ನೀ ಬೈತಿ ಅಂತ ಗೇಟಿನ ಹೊರಗ ಬಾಟ್ಲಿಗೆ ಸುರುವಿದೆ."

ಬಸ್ಸಿನಲ್ಲಿ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದರಂತೆ. "ಏನ್ರಿ ಕಾಕಾ, ಗಂಗಾಜಲ ಏನ್ರಿ?" ಎಂದು ಕಂಡಕ್ಟರು ಕೇಳಿದರೆ, "ಇಲ್ಲಪಾ, ಪರೀಕ್ಷೆಗೆ ಹೊಂಟೈತಿ. ಪಾಸ್ ಆಗಂಗಿಲ್ಲ" ಎಂದರಂತೆ!

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮರುದಿನ ಒಂದು ಕೈಯಲ್ಲಿ ರಾತ್ರಿಯೇ ನೀರು ತುಂಬಿಟ್ಟಿದ್ದ ತಂಬಿಗೆ, ಇನ್ನೊಂದರಲ್ಲಿ ಸೀದಾ ಬಾವಿಯಿಂದ ತುಂಬಿದ ಬಾಟಲಿ ಹಿಡಿದು ದೊಡ್ಡಪ್ಪ ಲ್ಯಾಬಿನ ಬಾಗಿಲಿಗೇ ಬಂದರು. ಬಾಟಲಿಯ ನೀರಿಗೆ ಬಣ್ಣ ಬರಲಿಲ್ಲ. ತಂಬಿಗೆಯದು ಕಡುನೀಲಿ. ಹುಳಿ ತಾಗಿದ ತಾಮ್ರ ಕಣ್ಣಿಗೆ ಕಾಣದಂತೆ ನೀರಿಗಿಳಿದಿತ್ತು. ನನ್ನ ಕಣಗಳು ಅದನ್ನು ಹಿಡಿದಿದ್ದವು. ಮೇಡಂ ನಗುತ್ತಾ ಸಹಿ ಹಾಕಿದರು. ದೊಡ್ಡಪ್ಪ ನೀಲಿಯನ್ನು ಬಹಳ ಹೊತ್ತು ನೋಡಿದರು. ಆವತ್ತೊಂದು ದಿನ 'ಆಗಂಗಿಲ್ಲ' ಎನ್ನಲಿಲ್ಲ.

ಮನುಷ್ಯರಿಗೂ ಹೀಗೊಂದು ಪರೀಕ್ಷೆ ಇರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ಬಾಯಲ್ಲಿ ಬರೀ 'ಆಗಂಗಿಲ್ಲ' ಇರುವವರ ಒಳಗೆ ಏನು ಕರಗಿದೆ ಎಂದು ಬರಿಗಣ್ಣಿಗೆ ತಿಳಿಯುವುದಾದರೂ ಹೇಗೆ?

ಪದವಿ ಪ್ರಮಾಣಪತ್ರ ಬಂದ ದಿನ ಅದನ್ನು ಮೊದಲು ಅವರ ಕೈಗೇ ಕೊಟ್ಟೆ. ಧೋತರಕ್ಕೆ ಎರಡೂ ಕೈ ಒರೆಸಿಕೊಂಡು ಹಿಡಿದರು. ನಮ್ಮ ಮನೆತನದ ಅಡ್ಡಹೆಸರಿನ ಮೇಲೆ ಹೆಬ್ಬೆರಳು ನಿಂತುಬಿಟ್ಟಿತು.

"ಇನ್ನ ಪಿಎಚ್.ಡಿ. ಅಂತೂ ಆಗಂಗಿಲ್ಲ ನೋಡವಾ."

ಆಮೇಲೆ ತಲೆಯೆತ್ತದೆಯೇ ಕೇಳಿದರು:

"ಅದಕ್ಕ ಎಷ್ಟು ನೀರು ಬೇಕಾಗ್ತೈತಿ?"