ಉಪ್ಪಿನಕಾಯಿ ಜೊತೆ ತಿಂದ ಕವಿತೆಗಳು

ನಾನು ಒಬ್ಬ ಕವಯಿತ್ರಿಯ ಸಮಗ್ರ ಕೃತಿಗಳನ್ನು ಉಪ್ಪಿನಕಾಯಿ ಹಚ್ಚಿಕೊಂಡು ತಿಂದವಳು. ನಗಬೇಡಿ ಮಕ್ಕಳೇ, ಸುಳ್ಳಲ್ಲ! ನಿಮ್ಮ ಪಾಲಿಗೂ ನಾಲ್ಕಾರು ಕವಿತೆ ಬಂದಿದ್ದವು. ನೀವು ತುಪ್ಪ ಸಾಲದೆಂದು ಅತ್ತಿದ್ದಿರಿ.

ಮೂರು ತಿಂಗಳಿಗೆಂದು ನೆದರ್ಲೆಂಡ್ಸಿನ ಆಲ್ಮೆರೆ ಊರಿಗೆ, ನಿಮ್ಮ ಮನೆಗೆ ಬಂದವಳು, ಕೊರೋನಾದಿಂದ ವಿಮಾನ ನಿಂತು ಅಲ್ಲೇ ಉಳಿದೆ. ಹಿತ್ತಲ ಬೇಲಿಯಾಚೆ ನನ್ನ ಹಾಗೇ ಸಿಕ್ಕಿಬಿದ್ದ ನೇಪಾಳದ ಅಜ್ಜಿ. ಅವರೂ ಮಗಳ ಮನೆಗೆ ಬಂದವರು. ತಮ್ಮ ಸೀಮೆಯಲ್ಲಿ ಕವಿತೆ ಕಟ್ಟಿದ ಮೊದಲ ಹೆಂಗಸರಲ್ಲಿ ಒಬ್ಬರಂತೆ, ರೇಡಿಯೋದಲ್ಲೂ ಓದಿದ್ದರಂತೆ. ನಾನೋ, ಊರ ಶಾಲೆಯಲ್ಲಿ ಹಾಜರಿ ಕೂಗಿದಾಗ ಉತ್ತರಿಸಲು ನಾಚಿ ಗೈರುಹಾಜರಿ ಹಾಕಿಸಿಕೊಂಡವಳು! ನಮ್ಮಿಬ್ಬರ ನಡುವೆ ಇದ್ದದ್ದು ಒಂದೂವರೆ ಮೀಟರ್ ಸರ್ಕಾರಿ ಅಂತರ ಮತ್ತು ಮುರುಕು ಹಿಂದಿ.

ಈ ಕವಯಿತ್ರಿಗೆ ಕಾಗದ ಕಂಡರಾಗದು. ಹೊಸ ಸೊಸೆಯಾಗಿದ್ದಾಗ ಇವರ ಕವಿತೆಯ ಪುಸ್ತಕವನ್ನು ಅತ್ತೆ ಒಲೆಗೆ ಹಾಕಿದ್ದರಂತೆ. ಅಂದಿನಿಂದ ನಾದುವ ಪರಾತದಲ್ಲಿ ಹಿಟ್ಟು ಹರಡಿ ಬೆರಳಿನಿಂದ ಬರೆಯುವುದು, ಅತ್ತೆಯ ಹೆಜ್ಜೆ ಸಪ್ಪಳ ಕೇಳಿದರೆ ನೀರು ಸುರಿದು ನಾದಿಬಿಡುವುದು. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾದರೂ ಅಭ್ಯಾಸ ಹೋಗಿರಲಿಲ್ಲ. ಮಗಳ ಮನೆಯ ಬೆಕ್ಕು ಪರಾತದ ಮೇಲೆ ನಡೆದು ಆಗಾಗ ತನ್ನದೊಂದು ಸಾಲು ಸೇರಿಸುವುದೂ ಉಂಟು. ಕೊನೆಗೆ ಎಲ್ಲವೂ ರೊಟ್ಟಿಯಾಗಿ ಬೇಲಿ ದಾಟಿ ನಮ್ಮ ಮನೆಗೂ!

"ಅಜ್ಜೀ, ಅವರ ಹೋಮ್‌ವರ್ಕ್ ಅವರೇ ತಿಂತಾರಾ?" ಎಂದು ನಿಮ್ಮಲ್ಲಿ ದೊಡ್ಡವಳು ಕೇಳಿದ್ದರಲ್ಲಿ ತಪ್ಪೇನು?

ಒಂದು ದಿನ, "ನೋಡಿ ದೀದಿ, ಹೊಸದು!" ಎಂದು ಪರಾತವನ್ನು ಬೇಲಿಯ ಮೇಲೆತ್ತಿ ಹಿಡಿದರು. ಆ ದೇಶದ ಗಾಳಿ ಗೊತ್ತಲ್ಲ? ಮೊದಲೆರಡು ಸಾಲು ನೇರ ನನ್ನ ಮೂಗಿನೊಳಗೆ! ಸೀನಿದೆ ನೋಡಿ, ಅಕ್ಕಪಕ್ಕದ ಕಿಟಕಿಗಳೆಲ್ಲ ಪಟಪಟನೆ ಮುಚ್ಚಿಕೊಂಡವು.

"ನನ್ನ ಕವಿತೆಗೆ ರೇಡಿಯೋದಲ್ಲೂ ಇಷ್ಟು ಸದ್ದು ಆಗಿರಲಿಲ್ಲ" ಎಂದರು ಅಜ್ಜಿ.

ಆಮೇಲೆ ಅಂಗಡಿಗಳಲ್ಲಿ ಗೋಧಿ ಹಿಟ್ಟೇ ಖಾಲಿ. "ಕಾವ್ಯ ನಿಂತುಹೋಯಿತು" ಎಂದು ಮುಖ ಸಣ್ಣದು ಮಾಡಿದರು. ಊರಿಂದ ತಂದಿದ್ದ ಜೋಳದ ಹಿಟ್ಟು ಕೊಟ್ಟೆ. ಬರೆದು ನೋಡಿ ತಲೆಯಾಡಿಸಿದರು: "ಇದರಲ್ಲಿ ಬರೀ ಜಗಳದ ಕವಿತೆ ಬರುತ್ತೆ!"

"ನಮ್ಮೂರ ಹಿಟ್ಟರೀ ಅದು, ಹಂಗ ಮಾತಾಡ್ತೈತಿ" ಎಂದು ಕನ್ನಡದಲ್ಲೇ ಅಂದುಬಿಟ್ಟೆ. ನನ್ನ ಜೀವಮಾನದ ಮೊದಲ ಎದುರುತ್ತರ!

ಒಂದೇ ಚಿಂತೆ. ಅವರಿಗೆ ಮರೆವು ಶುರುವಾಗಿತ್ತು. ನಾದಿದ ಮೇಲೆ ಕವಿತೆ ನೆನಪಿಗೆ ಬರುತ್ತಿರಲಿಲ್ಲ. "ಹೋಗಲಿ, ಹೊಟ್ಟೆಗಾದರೂ ಹೋಯಿತಲ್ಲ" ಎನ್ನುತ್ತಿದ್ದರು, ನಗುತ್ತಿರಲಿಲ್ಲ. ಬರೆದಿಡಲೇ ಎಂದು ಕೇಳಲು ನನಗೆ ನಾಚಿಕೆ. ಅದಕ್ಕೇ ನಿಮ್ಮ ಚಿತ್ರದ ಪುಸ್ತಕವನ್ನು ರೊಟ್ಟಿಯ ಬಟ್ಟೆಯಡಿ ಬಚ್ಚಿಟ್ಟುಕೊಂಡು, ಬರೆಯುತ್ತ ಅವರು ಬಾಯಲ್ಲಿ ಹೇಳಿಕೊಳ್ಳುತ್ತಿದ್ದ ನೇಪಾಳಿಯನ್ನೆಲ್ಲ ಕನ್ನಡ ಅಕ್ಷರದಲ್ಲಿ ಗೀಚತೊಡಗಿದೆ. ಅರ್ಥ? ಚೂರೂ ಗೊತ್ತಿಲ್ಲ! ಕವಿತೆ ಎಲ್ಲಿ ಮುಗಿಯಿತೋ, ಮಾತು ಎಲ್ಲಿ ಶುರುವಾಯಿತೋ!

ಆ ಚಳಿಗಾಲದಲ್ಲಿ ಅಜ್ಜಿ ತೀರಿಹೋದರು. ಅವರ ಮಗಳು ಬೇಲಿಯ ಹತ್ತಿರ ಬಂದು, "ಅಮ್ಮನ ಒಂದು ಸಾಲೂ ಉಳಿದಿಲ್ಲ ಆಂಟಿ" ಎಂದಳು.

ಚಿತ್ರದ ಪುಸ್ತಕ ತಂದು ಓದತೊಡಗಿದೆ. ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಮೂರು ಪುಟ ಮುಗಿದು ನಾಲ್ಕನೆಯದಕ್ಕೆ ಬಂದಾಗ ಇದ್ದಕ್ಕಿದ್ದಂತೆ ಅಳುವಿನ ನಡುವೆಯೇ ನಗು.

"ಆಂಟಿ, ಇದು ಕವಿತೆಯಲ್ಲ! ಹಿಟ್ಟು ತುಳಿದ ಬೆಕ್ಕಿಗೆ ಬೈಗುಳ!"

ನಾಚಿ ನೀರಾದೆ. "ಹೊಡೆದುಹಾಕುತ್ತೇನೆ, ಪೆನ್ನು ಕೊಡಮ್ಮ" ಎಂದೆ.

"ಬೇಡ ಆಂಟಿ. ಅದನ್ನೇ ಇನ್ನೊಂದು ಸಲ ಓದಿ."

ಗಟ್ಟಿಯಾಗಿ ಓದಿದೆ. ಒಳಗೆಲ್ಲೋ ಮಲಗಿದ್ದ ಬೆಕ್ಕು ಓಡಿಬಂದು ಬೇಲಿ ಹತ್ತಿತು. ಅಜ್ಜಿ ನಿಲ್ಲುತ್ತಿದ್ದ ಜಾಗವನ್ನೇ ನೋಡುತ್ತ ಕುಳಿತಿತು.