ಮಖಮಲ್ಲು ನೇಯ್ದದ್ದೋ, ಹೆಣೆದದ್ದೋ?

ಬಟ್ಟೆಯ ವಿಷಯದಲ್ಲಿ ನನಗೆ ಮೋಸ ಮಾಡುವವನು ಇನ್ನೂ ಹುಟ್ಟಿಲ್ಲ. ಈ ಧೈರ್ಯದ ಮೇಲೆ ಶಿಗ್ಗಾಂವಿಯ ನನ್ನ ಅಂಗಡಿಗೆ ವಿದೇಶದಿಂದ ಮಖಮಲ್ಲು ತರಿಸಿದೆ. ಬಂಕಾಪುರದ ಗಂಗಕ್ಕ ಮಗಳ ಮದುವೆಗೆ ಮನೆಯ ಹೆಂಗಸರಿಗೆಲ್ಲ ಅದರದೇ ಜಂಪರು ಹೊಲಿಸುವವರಿದ್ದರು. ಇಂಥ ಗಿರಾಕಿ ಸಿಗುವುದೇ ಪುಣ್ಯ!

ಮಾಲು ಮಂಗಳೂರು ಬಂದರಿಗೆ ಬಂತು. ಅಲ್ಲಿ ಸುಂಕದ ಕೆಲಸ ನೋಡಿಕೊಳ್ಳುವ ಏಜೆಂಟ್ ಫೋನ್ ಮಾಡಿದ.

"ಬಟ್ಟೆ ನೇಯ್ದದ್ದಾ, ಹೆಣೆದದ್ದಾ ಮಾರಾಯ್ರೇ?"

"ಯಾಕ ಬೇಕ್ರಿ ನಿಮಗ?"

"ಮಗ್ಗದಲ್ಲಿ ನೇಯ್ದ ಮಖಮಲ್ಲು ಒಂದು ವರ್ಗ. ಸ್ವೆಟರಿನ ಹಾಗೆ ಹೆಣೆದದ್ದು ಇನ್ನೊಂದು. ಸುಂಕವೇ ಬೇರೆ."

ನನಗೆ ವಾಸನೆ ಬಡಿಯಿತು. ಹೆಣೆದದ್ದಕ್ಕೆ ಸುಂಕ ಹೆಚ್ಚಿರಬೇಕು, ಹೆಚ್ಚಿನದರಲ್ಲಿ ಇವನ ಪಾಲಿರಬೇಕು!

"ನಮೂನಿ ತುಂಡು ಐತೆಲ್ಲ, ಒಂದೀಟು ಎಳದರ ನೋಡ್ರಿ, ಸ್ವೆಟರಿನಂಗ ಹಿಗ್ಗತೈತೇನು," ಎಂದಳು ಹೆಂಡತಿ ಶಾರದಾ.

ಏಜೆಂಟನ ಪರ ಮಾತಾಡಲು ಇವಳಿಗೇನು ಬಂದಿದೆ? ಅವಳ ಮೇಲೂ ಸಂಶಯವಾಯಿತು. ನೇಯ್ದದ್ದೆಂದೇ ಬರೆಸಿದೆ.

ಕೆಲವು ದಿನಗಳ ನಂತರ ಗಂಗಕ್ಕ ಬೀಗಿತ್ತಿಯನ್ನು ಕರೆದುಕೊಂಡು ಅಂಗಡಿಗೆ ಬಂದರು. ನಮೂನೆಯ ತುಂಡನ್ನು ಕೆನ್ನೆಗೆ ಒತ್ತಿಕೊಂಡು ಖುಷಿಪಡುತ್ತಿದ್ದರು. ಆಗಲೇ ಏಜೆಂಟನ ಫೋನ್. ಅಧಿಕಾರಿಗಳು ಬಟ್ಟೆಯ ತುಂಡನ್ನು ಪರೀಕ್ಷೆಗೆ ಕಳಿಸಿದ್ದಾರೆ, ಹೆಣೆದದ್ದೆಂದು ಈಗಲೇ ತಿದ್ದಿಸೋಣ ಎಂದ. ಲೈನು ಸರಿಯಿರಲಿಲ್ಲ. ಗಂಟಲು ಹರಿಯುವಂತೆ ಕೂಗಿದೆ.

"ಹೆಣದ್ದಲ್ರೀ! ಹೆಣದ್ದು ಅಂತ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ!"

ಗಂಗಕ್ಕನ ಕೈಯಿಂದ ತುಂಡು ಕೆಳಗೆ ಬಿತ್ತು.

"ಹೆಣದ್ದ? ಸತ್ತವರ ಮೈಮ್ಯಾಲಿಂದ?"

"ಹಂಗಲ್ರೀ ಅಕ್ಕಾರ! ಹೆಣದ್ದು ಅಂದ್ರ ಹೆಣಿಯೂದು, ಸೂಜಿಲೆ!"

"ಹೆಣಕ್ಕ ಸೂಜಿ ಯಾಕ?" ಬೀಗಿತ್ತಿ ಎದ್ದು ನಿಂತರು.

ತಿಳಿಸಿ ಹೇಳಲು ಬೇರೆ ಉದಾಹರಣೆ ಹೊಳೆಯಲಿಲ್ಲ. ಅಂಗಿಯ ಗುಂಡಿ ಬಿಚ್ಚಿ ಬನಿಯನ್ ಎಳೆದು ತೋರಿಸಿದೆ.

"ನೋಡ್ರಿ, ನಾ ಹಾಕ್ಕೊಂಡಿದ್ದೂ ಹೆಣದ್ದ!"

ಇಬ್ಬರೂ ಚಪ್ಪಲಿ ಬಿಟ್ಟೇ ಓಡಿದರು!

ಸುದ್ದಿ ಸವಣೂರು ಮುಟ್ಟಲು ತಡವಾಗಲಿಲ್ಲ. ಅಲ್ಲಿಯ ದರ್ಜಿ ಮಕ್ತುಮಸಾಬರು ನನ್ನ ಹಳೆಯ ಗೆಳೆಯರು. ಫೋನಿನಲ್ಲಿ ದನಿ ತಗ್ಗಿಸಿ ಕೇಳಿದರು.

"ಸಾವಕಾರ್ರ, ನಾ ಯಾರಿಗೂ ಹೇಳೂದಿಲ್ಲ. ತೊಳದರ ಮಾರ್ತೀರಿಲ್ಲೋ?"

ಅಷ್ಟರಲ್ಲಿ ಪರೀಕ್ಷೆಯ ವರದಿ ಬಂತು. ಹೆಣೆದದ್ದು! ಬೇಕೆಂದೇ ತಪ್ಪು ಬರೆಸಿದ್ದೇನೆಂದು ಈಗ ಅಧಿಕಾರಿಗಳಿಗೆ ನನ್ನ ಮೇಲೆ ಸಂಶಯ.

"ದೇವರಾಣಿ, ನನಗ ಗೊತ್ತ ಇರಲಿಲ್ರಿ," ಎಂದು ಏಜೆಂಟನ ಮುಂದೆ ಅಲವತ್ತುಕೊಂಡೆ.

"ಬಟ್ಟೆ ಅಂಗಡಿಯವರಿಗೆ ಬಟ್ಟೆ ಗೊತ್ತಿಲ್ಲ ಅಂದರೆ ಅವರು ನಂಬುವುದು ಹೇಗೆ ಮಾರಾಯ್ರೇ?"

ದಂಡ ಕಟ್ಟಿ ಮಾಲು ಬಿಡಿಸಿಕೊಂಡೆ. ಗಂಗಕ್ಕ ಹಾನಗಲ್ಲಿಗೆ ಹೋಗಿ ರೇಷ್ಮೆ ಕೊಂಡರಂತೆ. ಉಳಿದ ಗಿರಾಕಿಗಳೂ ಮಖಮಲ್ಲನ್ನು ದೂರದಿಂದಲೇ ನೋಡಿ ಮುಂದೆ ಸಾಗಿದರು.

ಕೊನೆಗೆ ಶಾರದಾ ಅದನ್ನೆಲ್ಲ ಮನೆಗೆ ಒಯ್ದು ಹೊಲಿಗೆ ಯಂತ್ರದ ಮುಂದೆ ಕುಳಿತಳು. ಈಗ ನಮ್ಮ ಮನೆಯಲ್ಲಿ ಕಿಟಕಿ, ದಿಂಬು, ಮಿಕ್ಸರ್ ಎಲ್ಲಕ್ಕೂ ಮಖಮಲ್ಲಿನ ಹೊದಿಕೆ. ಅಡುಗೆಮನೆಯ ಮೂಲೆಯಲ್ಲಿ ಕೆಂಪು ಮಖಮಲ್ಲು ಹೊದ್ದು ಕುಳಿತ ಗ್ಯಾಸ್ ಸಿಲಿಂಡರ್ ಕಂಡು, ಬಂದವರು ದೇವರೆಂದೇ ತಿಳಿದು ಕೈಮುಗಿಯುತ್ತಾರೆ.

ಪಕ್ಕದಲ್ಲೇ ನಿಂತಿರುವ ನನ್ನನ್ನು ಮಾತ್ರ ಯಾರೂ ಮಾತಾಡಿಸುವುದಿಲ್ಲ!